ಫೋನಿನಲ್ಲಿ ಹೇಳಿದ ಗೋಡಂಬಿ

ಆ ಮುಂಜಾನೆ ಶಹಾಪುರದ ನಮ್ಮ ಮನೆಯಲ್ಲಿ ನಾಲ್ವರು ದೊಡ್ಡವರು, ಒಂದು ಕೂಸು ಇದ್ದೆವು. ಹೊರಗಿನ ಪಡಸಾಲೆಯಲ್ಲಿ ನನ್ನ ಮಾವನವರು, ಆಯುರ್ವೇದದ ವೈದ್ಯರು. ಅವರೆದುರಿಗೆ ಮಗ್ಗದ ಯಜಮಾನರೊಬ್ಬರು, ಮೂಲವ್ಯಾಧಿಯವರು, ಬೆಂಚಿನ ತುದಿಯಲ್ಲಿ ಅರ್ಧ ಕೂತು ಅರ್ಧ ಎದ್ದ ಹಾಗಿದ್ದರು. ಒಳಗಿನ ಕತ್ತಲೆ ಕೋಣೆಯಲ್ಲಿ ನನ್ನ ನಾದಿನಿ, ಹೆತ್ತು ಎಂಟು ದಿನದ ಬಾಣಂತಿ. ಅವಳ ಮಗ್ಗುಲಲ್ಲಿ ಹೆಣ್ಣು ಕೂಸು. ಇಬ್ಬರೂ ನಿದ್ದೆಯಲ್ಲಿದ್ದರು. ನಡುಮನೆಯಲ್ಲಿ ಫೋನಿನ ಮುಂದೆ ನಾನು. ನನ್ನ ಗಂಡ ಆಗಲೇ ಆಟೋ ನಗರದ ವರ್ಕ್‌ಶಾಪಿಗೆ ಹೋಗಿಯಾಗಿತ್ತು. ಬಾಜೂ ಮನೆಯ ಪವರ್‌ಲೂಮ್ ಖಟಕ್ ಖಟಕ್ ಎಂದು ಶುರುವಾಗಿತ್ತು. ಆ ಸದ್ದಿನಲ್ಲಿ ನಡುಮನೆಯ ಮಾತು ಪಡಸಾಲೆಗೆ ಕೇಳುತ್ತಿರಲಿಲ್ಲ. ಇದನ್ನು ಯಾಕೆ ಇಷ್ಟು ಲೆಕ್ಕ ಇಟ್ಟು ಹೇಳುತ್ತಿದ್ದೇನೆಂದರೆ, ನಾನು ಫೋನಿನಲ್ಲಿ ಏನು ಅಂದೆ ಎಂಬುದಕ್ಕೆ ಆ ದಿನ ಸಾಕ್ಷಿ ಯಾರೂ ಇರಲಿಲ್ಲ. ಇದ್ದವಳು ನಾನೊಬ್ಬಳೇ, ಮತ್ತು ಆ ಕಡೆಯ ಕಿವಿ.

ಎರಡು ಸಾವಿರದ ಆಸುಪಾಸಿನ ಮಾತು. ನಾನು ನವಲಗುಂದದ ಕಡೆಯವಳು. ನಮ್ಮಲ್ಲಿ ಮರಾಠಿಯ ಗಾಳಿಯೇ ಇಲ್ಲ. ಮದುವೆಯಾಗಿ ಬೆಳಗಾವಿಗೆ ಬಂದು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ತರಕಾರಿಯವಳ ಹತ್ತಿರ, ಹಾಲಿನವನ ಹತ್ತಿರ, ಬಾಜೂ ಮನೆಯ ಕಾಕೂ ಹತ್ತಿರ ಕಲಿತು ಕಲಿತು, ಮರಾಠಿ ನನಗೆ ಬರುತ್ತದೆ ಎಂಬ ಸೊಕ್ಕು ಬಂದಿತ್ತು. ಸೊಕ್ಕಿಗೆ ಕಾರಣವೂ ಇತ್ತು. ಅರ್ಧಕ್ಕರ್ಧ ಮಾತು ಎರಡರಲ್ಲೂ ಒಂದೇ. ನಮ್ಮ ಚಹಾ ಅವರ ಚಹಾ, ನಮ್ಮ ಖರೇ ಅವರ ಖರೇ. ಕನ್ನಡದ ಶಬ್ದ ಇಟ್ಟು ಹಿಂದೆ ಒಂದು 'ಆಹೇ' ಹಚ್ಚಿದರೆ ಕೆಲಸ ಸಾಗುತ್ತಿತ್ತು. ಕಾಕೂ ನಗುತ್ತಿದ್ದಳು. "ನಿನ್ನ ಮರಾಠಿ ಅಂದ್ರ ಕನ್ನಡಕ್ಕ ಟೊಪಗಿ ಹಾಕಿದಂಗ ಐತಿ ನೋಡ" ಎನ್ನುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಾದಿನಿಯನ್ನು ಕೊಟ್ಟದ್ದು ಖಾನಾಪುರಕ್ಕೆ. ನಮ್ಮವರಲ್ಲಿ ಹಾಗೇ. ಬೆಳಗಾವಿಯ ಈಚೆ ಕನ್ನಡ ಆಡುತ್ತಾರೆ, ಖಾನಾಪುರದ ಕಡೆ ಮರಾಠಿ ಆಡುತ್ತಾರೆ. ಮನೆದೇವರು ಒಬ್ಬನೇ. ಅವಳ ಅತ್ತೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಸಣ್ಣ ಹೆಂಗಸು. ಒಂಬತ್ತು ವಾರಿ ಸೀರೆಯೊಳಗೆ ಎಲ್ಲಿದ್ದಾಳೆ ಎಂದು ಹುಡುಕಬೇಕು, ಅಷ್ಟು ಸಣ್ಣ. ಕನ್ನಡ ತಿಳಿಯುತ್ತಿತ್ತು, ಆಡುತ್ತಿರಲಿಲ್ಲ. ಅಂಟಿನ ಉಂಡಿ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಯವರು ನಾನು ಬರುವ ಮೊದಲೇ ತೀರಿದ್ದರು. ಬಾಣಂತನದ ವಿದ್ಯೆ ನನಗೆ ಬರುತ್ತಿರಲಿಲ್ಲ. ಅದಕ್ಕೇ ಮಾವನವರು ಅಂದು ಮುಂಜಾನೆ ನನಗೆ, ಬೀಗಿತ್ತಿಯವರಿಗೆ ಫೋನ್ ಮಾಡಿ ಉಂಡಿ ಕಟ್ಟಿ ಕಳಿಸಲು ಹೇಳು, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ ಕೈಬಿಚ್ಚಿ ಹಾಕಲಿ, ಕೂಸಿಗೆ ಹಾಲು ಇಳಿಯಬೇಕು ಎಂದಿದ್ದರು.

ಖಾನಾಪುರದ ಮನೆಯಲ್ಲಿ ಫೋನ್ ಇರಲಿಲ್ಲ. ಎದುರಿನ ಕಿರಾಣಿ ಅಂಗಡಿಗೆ ಮಾಡಿ, ಆಯಿಯನ್ನು ಕರೆಯಿರಿ ಎಂದು ಇಟ್ಟು, ಐದು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಮತ್ತೆ ಮಾಡಿದೆ. ಓಡಿ ಬಂದ ಏದುಸಿರು ಕೇಳಿಸಿತು. ನಾನು ಉತ್ತತ್ತಿ ಹೇಳಿದೆ, ಕೊಬ್ಬರಿ ಹೇಳಿದೆ. ಆಮೇಲೆ ನನ್ನ ಟೊಪಗಿ ಹಾಕಿದ ಮರಾಠಿಯಲ್ಲಿ, "ಆಯಿ, ಗೋಡಂಬಿ ಜಾಸ್ತ ಘಾಲಾ" ಎಂದೆ. ಜಾಸ್ತಿ ಹಾಕಿರಿ ಎಂದು.

ಗೋಡಂಬಿಯೇ, ಬಾಣಂತಿಗೆ, ಜಾಸ್ತಿಯೇ, ಎಂದು ಆಯಿ ಎರಡು ಸಲ ಕೇಳಿದಳು. ಹೌದು ಹೌದು, ವೈದ್ಯರೇ ಹೇಳಿದ್ದಾರೆ ಎಂದೆ. ಲೈನು ಕಟ್ಟಾದೀತು ಎಂಬ ಅವಸರ ನನಗೆ. ಬರೇ, ಅಂದಳು. ಆಯಿತು ಎಂದು ಅದರ ಅರ್ಥ. ಫೋನಿಟ್ಟೆ.

ನಮ್ಮಜ್ಜಿ ಹೇಳುತ್ತಿದ್ದಳು, ಮುತ್ತು ಒಡೆದರೂ ಹೋಯಿತು, ಮಾತು ಆಡಿದರೂ ಹೋಯಿತು ಎಂದು. ಮುತ್ತು ನಮ್ಮ ಮನೆತನದಲ್ಲಿ ಎಂದೂ ಇರಲಿಲ್ಲವಾದ್ದರಿಂದ ಒಡೆಯುವ ಭಯವಿರಲಿಲ್ಲ. ಮಾತು ಮಾತ್ರ ಮೂಟೆಗಟ್ಟಲೆ ಇತ್ತು.

ಇಲ್ಲಿ ಮಾವನವರ ವೈದ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕು. ಅವರದು ತೀಕ್ಷ್ಣ ಔಷಧಿಯ ಕೈ. ಊರಲ್ಲಿ ಬೇರೆ ವೈದ್ಯರು ಕಷಾಯ, ಲೇಹ ಎಂದು ತಿಂಗಳುಗಟ್ಟಲೆ ಎಳೆಯುತ್ತಿದ್ದ ಕಾಯಿಲೆಯನ್ನು ಇವರು ಎರಡು ವಾರದಲ್ಲಿ ಕೆಣಕಿ ಎಬ್ಬಿಸಿ ಹೊರಗೆ ಹಾಕುತ್ತಾರೆ ಎಂದು ಹೆಸರು. ಉತ್ತರಾಣಿ ಸುಟ್ಟು ಕ್ಷಾರ ತೆಗೆಯುತ್ತಿದ್ದರು. ಹಚ್ಚಿದ ಜಾಗದಲ್ಲಿ ಬೊಬ್ಬೆ ಏಳಿಸುವ ಚಿತ್ರಮೂಲದ ಬೇರು ಇಟ್ಟಿದ್ದರು. ಎಲ್ಲಕ್ಕಿಂತ ಉಗ್ರವಾದದ್ದು ಬಿಬ್ಬಾ. ಅಗಸರು ಅರಿವೆಗೆ ಗುರುತು ಹಾಕುವ ಕಪ್ಪು ಕಾಯಿ ಇದೆಯಲ್ಲ, ನಮ್ಮ ಕಡೆ ಕೇರುಬೀಜ ಎನ್ನುತ್ತೇವೆ, ಅದೇ. ಅದರ ಸಿಪ್ಪೆಯೊಳಗಿನ ಎಣ್ಣೆ ತಾಗಿದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮೈಯೆಲ್ಲ ಬೆಂದ ಹಾಗಾಗುತ್ತದೆ. ಯಾರಿಗೆ ಯಾವುದು ಎಂದು ಮುಖ ನೋಡಿ ಹೇಳಲಾಗದು. ಅದಕ್ಕೇ ಮಾವನವರು ಔಷಧಿ ಕೊಡುವ ಮೊದಲು ರೋಗಿಯನ್ನು ಅರ್ಧ ತಾಸು ಕೇಳುತ್ತಿದ್ದರು. ಸಣ್ಣವರಿದ್ದಾಗ ಬಿಬ್ಬಾ ಎದ್ದಿತ್ತೇ, ಮೈ ಊದಿತ್ತೇ? ಅಪ್ಪನಿಗೆ? ಅವ್ವನಿಗೆ? ಆ ಗಿಡದ ಕೆಳಗೆ ಮಲಗಿದ್ದುಂಟೇ?

ಅದನ್ನು ಶುದ್ಧ ಮಾಡುವುದು ಮಾಳಿಗೆಯ ಮೇಲೆ. ಮುಖಕ್ಕೆ, ಮೊಣಕೈವರೆಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು, ತೊಟ್ಟು ಕತ್ತರಿಸಿದ ಕಾಯಿಗಳನ್ನು ಇಟ್ಟಂಗಿ ಪುಡಿಯ ಜೊತೆ ಗೋಣಿಚೀಲದಲ್ಲಿ ಹಾಕಿ ತಿಕ್ಕುತ್ತಿದ್ದರು. ಕೆಂಪು ಪುಡಿ ಎಣ್ಣೆ ಕುಡಿದು ಕರ್ರಗಾಗುತ್ತಿತ್ತು. ಮಗಳು ಮನೆಯಲ್ಲಿದ್ದಾಗ ಆ ಕೆಲಸ ಹಚ್ಚುತ್ತಿರಲಿಲ್ಲ. ನನ್ನ ನಾದಿನಿ ಆರು ವರ್ಷದವಳಿದ್ದಾಗ ಆ ಗೋಣಿಚೀಲದ ಮೇಲೆ ಕೂತು ಆಡಿ, ಮುಖ ಊದಿ, ಕಣ್ಣು ಮುಚ್ಚಿ, ಹದಿನೈದು ದಿನ ಮಲಗಿದ್ದಳಂತೆ. ಅವಳಿಗೆ ಬಿಬ್ಬಾದ ಗಾಳಿಯೂ ಆಗದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಖಾನಾಪುರದವರಿಗೆ ಯಾರೂ ಹೇಳಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಇಂಥದ್ದನ್ನು ಯಾರು ಹೇಳುತ್ತಾರೆ.

ನಾಲ್ಕನೆಯ ದಿನ ಅಳಿಯಂದಿರು, ನಾದಿನಿಯ ಗಂಡ, ಬಸ್ಸಿನಲ್ಲಿ ಸ್ಟೀಲಿನ ಡಬ್ಬಿ ತಂದರು. ಬಾಯಲ್ಲಿ ಕರಗುವ ಉಂಡಿ, ತುಪ್ಪ ಕೈಗೆ ಹತ್ತುವಂಥದ್ದು. ಬಾಣಂತಿಯದನ್ನು ನಾವು ತಿನ್ನಬಾರದು ಎಂದು ನಾನು ವಾಸನೆಯಷ್ಟೇ ನೋಡಿದೆ. ಮಾವನವರು ರೋಗಿಗಳ ನಡುವೆ ಇದ್ದರು. ನಾದಿನಿ ಎರಡು ಉಂಡಿ ತಿಂದಳು. ವೈನಿ, ನಮ್ಮ ಅತ್ತಿ ಬೈಯೂದು ಮರಾಠಿಯೊಳಗ, ಉಂಡಿ ಕಟ್ಟೂದು ಯಾವ ಭಾಷಾದಾಗಂತೀ, ಎಂದು ನಗಾಡಿದಳು. ಅರ್ಧ ತಾಸಿನೊಳಗೆ ತುಟಿ ಉರಿಯುತ್ತದೆ ಎಂದಳು. ಆಮೇಲೆ ನಾಲಗೆ ಎಂದಳು. ಕೂಸಿಗೆ ಬಟ್ಟೆ ಸುತ್ತಿ ನಾನು ತಿರುಗಿ ನೋಡುವಷ್ಟರಲ್ಲಿ ಅವಳ ಮುಖ ಅವಳದಾಗಿರಲಿಲ್ಲ. ಕಣ್ಣಿನ ರೆಪ್ಪೆಗಳು ಹೊಟ್ಟೆ ತುಂಬಿದ ಜಿಗಣೆಗಳ ಹಾಗೆ ಊದಿದ್ದವು. ಆ ಮುಖ ಇವತ್ತಿಗೂ ನನಗೆ ಕನ್ನಡಿಯಲ್ಲಿ ಕಾಣುತ್ತದೆ. ತಲೆ ಬಾಚಿಕೊಳ್ಳುತ್ತಿರುತ್ತೇನೆ, ನನ್ನ ಮುಖದ ಹಿಂದೆ ಬಂದು ನಿಲ್ಲುತ್ತದೆ.

ಮಾವನವರು ಬಂದು ಒಂದು ಸಲ ನೋಡಿದರು. ಕೊಬ್ಬರಿ ಹಾಲು ಹಿಂಡಿಸಿ ತುಪ್ಪ ಕೂಡಿಸಿ ಬಾಯಿಗೆ ಹಾಕಿದರು. ಎಳ್ಳು ಬೆಣ್ಣೆ ಅರೆದು ಮುಖಕ್ಕೆ ಬಳಿದರು. ಆದರೆ ಅವಳ ಗಂಟಲಲ್ಲಿ ಉಸಿರು ಸೀಟಿ ಹೊಡೆಯತೊಡಗಿದಾಗ ಬಟ್ಟಲು ಕೆಳಗಿಟ್ಟು, ನನ್ನ ಕೈಲೆ ಆಗೂದು ಇಷ್ಟ, ದವಾಖಾನಿಗೆ ಒಯ್ಯೂಣು, ರಿಕ್ಷಾ ಕರಿ ಎಂದರು. ನಲವತ್ತು ವರ್ಷದ ವೈದ್ಯರು. ದೊಡ್ಡ ಆಸ್ಪತ್ರೆಯ ಮೆಟ್ಟಿಲನ್ನು ಅವರು ಹತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿಯ ಡಾಕ್ಟರರು ಬಡಬಡ ಇಂಜೆಕ್ಷನ್ ಕೊಟ್ಟರು. ಮೂಗಿಗೆ ನಳಿಗೆ ಹಚ್ಚಿದರು. ಸಂಜೆಯ ಹೊತ್ತಿಗೆ, ಉಳಿಯುತ್ತಾರೆ, ಆದರೆ ಇನ್ನೊಂದು ಕಾಲು ತಾಸು ತಡ ಮಾಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅದು ಹಸಿದು ನನ್ನ ಬೆರಳು ಚೀಪುತ್ತಿತ್ತು.

ಆಗ ಮಾವನವರು ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಒಂದು ಉಂಡಿ ಕಟ್ಟಿಕೊಂಡು ಬಂದಿದ್ದರು. ಬೆಂಚಿನ ಮೇಲೆಯೇ ಅದನ್ನು ಒಡೆದು, ಚಪ್ಪಟೆ ಚೂರುಗಳನ್ನು ಆರಿಸಿ ತೆಗೆದರು. ಗೋಡಂಬಿಯ ಅರ್ಧದಷ್ಟೂ ಇಲ್ಲ, ಚಾರೋಳಿಗಿಂತ ದೊಡ್ಡದು. ಇದು ಬಿಬ್ಬಾದ ತಿರುಳು ಎಂದರು. ಅಳಿಯಂದಿರು ಎದುರಿಗೆ ನಿಂತಿದ್ದರು. ನಿಮ್ಮ ತಾಯಿ ಇದನ್ನು ಯಾಕೆ ಹಾಕಿದರು ಎಂದು ಅವರನ್ನು ಕೇಳಿದರು.

ಅಳಿಯಂದಿರು ಒಂದು ಚೂರನ್ನು ಕೈಗೆ ತೆಗೆದುಕೊಂಡು ನೋಡಿದರು. "ಮಾಮಾ, ಆಯಿ ಗೋಡಂಬಿ ಹಾಕ್ಯಾಳ. ಭಾಳ ಹಾಕ್ರಿ ಅಂತ ಇಲ್ಲಿಂದನ ಫೋನ್ ಬಂದಿತ್ತಂತ. ನಮ್ಮ ಕಡೆ ಬಾಣಂತಿಗೆ ಚೂರು ಹಾಕೂದು ಐತಿ. ಇಷ್ಟ್ಯಾಕ ಹೇಳ್ಯಾರ ಅಂತ ಆಕಿನೂ ಅಂದ್ಳು."

ಮರಾಠಿಯಲ್ಲಿ ಗೋಡಂಬಿ ಎಂದರೆ ಬಿಬ್ಬಾದ ಒಳಗಿನ ತಿರುಳು. ನಮ್ಮ ಗೋಡಂಬಿಗೆ ಅವರು ಕಾಜು ಎನ್ನುತ್ತಾರೆ. ಎಣ್ಣೆ ಪೂರಾ ತೆಗೆದ ತಿರುಳನ್ನು ಹಿಡಿಯಷ್ಟು ತಿಂದು ಅರಗಿಸುವವರು ಅಲ್ಲಿದ್ದಾರೆ. ಇದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಬೆಂಚಿನ ಮೇಲೆ, ಅಳಿಯಂದಿರ ಮಾತು ಮುಗಿಯುವ ಮೊದಲೇ, ಮಾವನವರ ಮುಖ ನನ್ನ ಕಡೆ ತಿರುಗಿದ ರೀತಿಯಲ್ಲೇ ಗೊತ್ತಾಯಿತು.

"ನೀ ಏನಂತ ಹೇಳಿದ್ದೆವ್ವಾ ಫೋನಿನಾಗ? ಕಾಜು ಅಂದ್ಯೋ, ಗೋಡಂಬಿ ಅಂದ್ಯೋ?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಬಹುಶಃ ಖರೇ ಹೇಳುತ್ತಿದ್ದೆ. ರೋಗಿಗಳಿಗೆ ಕೇಳುತ್ತಾರಲ್ಲ, ಬಿಬ್ಬಾ ಎದ್ದಿತ್ತೇನು ಎಂದು, ಅದೇ ದನಿ. ಒಳಗೆ ನಾದಿನಿಯ ಉಸಿರು ಸೀಟಿ ಹೊಡೆಯುತ್ತಿತ್ತು. ಕೂಸು ನನ್ನ ಬೆರಳು ಬಿಡಲೊಲ್ಲದು.

"ಕಾಜು ಅಂತನ ಹೇಳೇನ್ರೀ" ಎಂದೆ.

ಅಷ್ಟೇ. ಒಂದು ಶಬ್ದದಿಂದ ಬಾಣಂತಿಯನ್ನು ಸಾವಿನ ಬಾಗಿಲಿಗೆ ಒಯ್ದಿದ್ದೆ, ಇನ್ನೊಂದು ಶಬ್ದದಿಂದ ಒಬ್ಬ ಮುದುಕಿಯನ್ನು ಸುಳ್ಳುಗಾರ್ತಿ ಮಾಡಿದೆ. ಮೊದಲನೆಯದು ತಿಳಿಯದೇ ಆಡಿದ್ದು, ಎರಡನೆಯದು ತಿಳಿದು. ಅಳಿಯಂದಿರು ಗೋಡೆಗೆ ಒರಗಿ ನಿಂತರು. ತಾಯಿ ಸುಳ್ಳು ಹೇಳುವವಳಲ್ಲ ಎಂದು ಅವರಿಗೆ ಗೊತ್ತು. ಹೆಂಡತಿಯ ವೈನಿ ಯಾಕೆ ಸುಳ್ಳು ಹೇಳಿಯಾಳು ಎಂಬುದೂ ಅವರಿಗೆ ತಿಳಿಯಲೊಲ್ಲದು.

ಆರು ದಿನಕ್ಕೆ ನಾದಿನಿ ಮನೆಗೆ ಬಂದಳು. ಮುಖದ ಚರ್ಮ ಹಪ್ಪಳದ ಹಾಗೆ ಸುಲಿಯಿತು. ಎದೆಹಾಲು ಹಿಂಗಿ ಹೋಗಿತ್ತು. ಮಾವನವರು ಏನೇನು ಕೊಟ್ಟರೂ ಮರಳಲಿಲ್ಲ. ಕೂಸಿಗೆ ಆಕಳ ಹಾಲು ಅರಳೆಯಲ್ಲಿ ಅದ್ದಿ ಕುಡಿಸುವ ಕೆಲಸ ನನ್ನದಾಯಿತು. ಮಾವನವರು ಒಂದು ದಿನ ಊಟಕ್ಕೆ ಕೂತಾಗ ತಮ್ಮ ನಿರ್ಣಯ ಹೇಳಿದರು. ತಪ್ಪಿ ಹಾಕಿದ್ದರೆ ಅದು ಬೇರೆ. ಹಾಕಿ, ನೀವೇ ಹೇಳಿದ್ದು ಎಂದು ನಮ್ಮ ಮೇಲೆ ಹಾಕುವ ಹೆಂಗಸಿನ ಒಲೆಯ ಮುಂದೆ ತಾಯಿಯಿಲ್ಲದ ಮಗಳನ್ನು ಮತ್ತೆ ಕಳಿಸುವುದಿಲ್ಲ. ಅಳಿಯಂದಿರು ಬೇಕಾದರೆ ಇಲ್ಲಿ ಮನೆ ಮಾಡಲಿ. ತಾಯಿಯ ಹತ್ತಿರ ದೊಡ್ಡ ಮಗ ಇದ್ದಾನಲ್ಲ. ನಾನು ಅವರಿಗೆ ಸಾರು ಬಡಿಸುತ್ತಿದ್ದೆ. ಇನ್ನಷ್ಟು ಬೇಕೇ ಎಂದು ಕೇಳಿದೆ.

ಖಾನಾಪುರದ ಗುಡ್ಡದಲ್ಲಿ ಕವಳಿ ಹಣ್ಣು ಕಪ್ಪಾಗುವ ಕಾಲಕ್ಕೆ, ನಡು ಬೇಸಿಗೆಯಲ್ಲಿ, ಆಯಿ ಒಬ್ಬಳೇ ಬಸ್ಸು ಹತ್ತಿ ಬಂದಳು. ಕೂಸಿಗೆ ಆಗ ಎರಡು ತಿಂಗಳು ದಾಟಿತ್ತು. ಎಲೆಯಲ್ಲಿ ಕಟ್ಟಿದ ಕವಳಿ ಹಣ್ಣು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ಮಾಡಿದ ತಿನಿಸು ಏನೂ ತಂದಿರಲಿಲ್ಲ. ಮಾವನವರು ಬರ್ರಿ, ಕುಂದರ್ರಿ ಎಂದು ಮಾತಿಗೆ ಕಡಿಮೆ ಮಾಡಲಿಲ್ಲ. ಆದರೆ ಕೂರಿಸಿದ್ದು ಪಡಸಾಲೆಯಲ್ಲಿ, ರೋಗಿಗಳು ಕೂರುವ ಬೆಂಚಿನ ಮೇಲೆ. ಕೂಸು ಮಲಗಿದೆ ಎಂದರು. ಒಳಗೆ ಅದು ಎಚ್ಚರವಿದ್ದು ಕೈಕಾಲು ಆಡಿಸುವ ಗೆಜ್ಜೆಯ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಅಂದು ಮಗ್ಗಕ್ಕೆ ಸೂಟಿ.

ನಾನು ನೀರು ಕೊಡಲು ಹೋದೆ. ಮಾವನವರು ಯಾವುದೋ ಪುಡಿ ತರಲು ಒಳಗೆ ಹೋಗಿದ್ದರು. ಆಯಿ ತಂಬಿಗೆ ತೆಗೆದುಕೊಳ್ಳಲಿಲ್ಲ. ನನ್ನ ಮುಖ ನೋಡಿ ಬಹಳ ಮೆತ್ತಗೆ ಕೇಳಿದಳು:

"ತೂಚ್ ಬೋಲ್ಲೀಸ್ ನಾ, ಬಾಳ?"

ನೀನೇ ಮಾತಾಡಿದ್ದಲ್ಲವೇ ಮಗೂ, ಎಂದು. ಅದಕ್ಕಿಂತ ಸುಲಭದ ಮರಾಠಿ ಇಲ್ಲ. ಬೆಳಗಾವಿಗೆ ಬಂದ ಮೊದಲ ವಾರವೂ ಅದು ನನಗೆ ತಿಳಿಯುತ್ತಿತ್ತು.

"ನನಗ ಮರಾಠಿ ತಿಳಿಯಂಗಿಲ್ರೀ ಆಯಿ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ತಂಬಿಗೆ ತೆಗೆದುಕೊಂಡು ನೀರು ಕುಡಿದಳು. ಬಸ್ಸಿನ ಹೊತ್ತಾಯಿತು ಎಂದು ಎದ್ದು ಹೋದಳು. ಕವಳಿ ಹಣ್ಣು ಕಟ್ಟೆಯ ಮೇಲೆಯೇ ಇತ್ತು. ಯಾರೂ ಒಳಗೆ ತರಲಿಲ್ಲ, ಯಾರೂ ಎಸೆಯಲೂ ಇಲ್ಲ. ಇರುವೆ ಹತ್ತಿ ಎರಡು ದಿನದಲ್ಲಿ ತಾನೇ ಮುಗಿಯಿತು.

ಅಂದಿನಿಂದ ನನ್ನ ಬಾಯಿಂದ ಮರಾಠಿ ಹೊರಡುವುದು ನಿಂತುಹೋಯಿತು. ಬೇಕೆಂದು ಬಿಟ್ಟದ್ದಲ್ಲ. ತರಕಾರಿಯವಳು ಏನೋ ಕೇಳುತ್ತಾಳೆ, ಉತ್ತರ ನಾಲಗೆಯ ತುದಿಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಕಾಕೂ, ಏನ ಟೊಪಗಿ ಕಳದುಹೋತೇನು ಎಂದು ಚೇಷ್ಟೆ ಮಾಡಿದಳು, ಆಮೇಲೆ ಚೇಷ್ಟೆ ಬಿಟ್ಟಳು. ಖಡೇ ಬಜಾರಿನಲ್ಲಿ ಒಣಹಣ್ಣಿನ ಅಂಗಡಿಗಳ ಸಾಲು ಬಂದರೆ ರಸ್ತೆ ದಾಟಿ ಆಚೆ ಬದಿಗೆ ನಡೆಯುತ್ತಿದ್ದೆ. ಫೋನ್ ರಿಂಗಾದರೆ ಗಂಡನನ್ನು ಎತ್ತಲು ಹೇಳುತ್ತಿದ್ದೆ. ಯಾರದೇ ಫೋನಿರಲಿ, ಅದರ ಹಿಂದೆ ಓಡಿ ಬಂದವಳ ಏದುಸಿರು ಇರುತ್ತಿತ್ತು ನನಗೆ.

ಇನ್ನೊಂದು ನಡೆಯಿತು. ಅದನ್ನು ನಾನು ಮೊದಲು ಗಮನಿಸಲಿಲ್ಲ. ಮಾವನವರು ಮಾಳಿಗೆಗೆ ಹೋಗುವುದನ್ನು ಬಿಟ್ಟರು. ಇಟ್ಟಂಗಿ ಪುಡಿಯ ಚೀಲ ಮೂಲೆ ಸೇರಿತು. ಕ್ಷಾರ ಕೇಳಿಕೊಂಡು ಬಂದವರಿಗೆ ತ್ರಿಫಲಾ ಕೊಟ್ಟು, ನೋಡೂಣು, ಮುಂದಿನ ತಿಂಗಳು ಬರ್ರಿ ಎನ್ನುತ್ತಿದ್ದರು. ಆ ಮೂಲವ್ಯಾಧಿಯ ಯಜಮಾನರು ಒಂದು ದಿನ ಸಿಟ್ಟಾಗಿ, ಇಂಥಾ ಪುಡಿ ನಮ್ಮ ಹೆಂಡತಿನೂ ಮಾಡತಾಳ್ರೀ, ನಿಮ್ಮ ಹತ್ರ ಬಂದಿದ್ದು ಖಾರ ಔಷಧಕ್ಕ ಎಂದರು. ಮಾವನವರು ನಕ್ಕರು. ಅವರು ಹೋದ ಮೇಲೆ ನನಗೆ ಹೇಳಿದ್ದು ಹೀಗೆ: ಬಿಬ್ಬಾ ಕೊಡುವವನಿಗೆ ಎದುರಿಗಿನವರ ಮಾತಿನ ಮೇಲೆ ನಂಬಿಕೆ ಬೇಕು. ಎದ್ದಿತ್ತೇನು ಎಂದು ಕೇಳುತ್ತೇನೆ, ಇಲ್ಲ ಎನ್ನುತ್ತಾರೆ, ಅದರ ಮೇಲೆ ಕೊಡುತ್ತೇನೆ. ಹೂಡಿದ್ದೆಲ್ಲ ಆ ಒಂದು ಮಾತಿನ ಮೇಲೆ. ಬೀಗಿತ್ತಿಯಂಥ ಹೆಂಗಸೇ ಸುಳ್ಳು ಹೇಳಿದ ಮೇಲೆ ಇನ್ನು ಯಾರು ಇಲ್ಲ ಅಂದರೂ ನನ್ನ ಕೈ ಮುಂದೆ ಹೋಗುವುದಿಲ್ಲ.

ಹಾಗೆ ಹೇಳಿ ಅವರು ಔಷಧಿ ಅರೆಯುವ ಖಲಬತ್ತನ್ನು ಒರೆಸಿ ಇಟ್ಟರು. ನಾನು ಆಗಲೂ ಹೇಳಲಿಲ್ಲ.

ಹೇಳಿದ್ದು ಶ್ರಾವಣದಲ್ಲಿ. ಅಳಿಯಂದಿರು ಬೆಳಗಾವಿಯ ಹಿಂಡಲಗಾದಲ್ಲಿ ಎರಡು ಕೋಣೆಯ ಮನೆ ಗೊತ್ತು ಮಾಡಿ ಬಂದಿದ್ದರು. ಮರುದಿನ ಮುಂಗಡ ಕೊಟ್ಟು ಬೀಗದಕೈ ತರುವುದು. ಅವರು ನಡುಮನೆಯಲ್ಲಿ ಕೂತು ಕೂಸನ್ನು ಆಡಿಸುತ್ತ, ಆಯಿ ಇದರ ಸಲುವಾಗಿ ಕುಂಚಿಗೆ ಹೊಲಿದಿದ್ದಾಳೆ, ಅದು ಸಣ್ಣದಾಗಿರಬೇಕು ಈಗ, ಎಂದರು. ಯಾರಿಗೂ ಎಂದು ಹೇಳಿದ್ದಲ್ಲ, ಕೂಸಿಗೇ ಹೇಳಿದ್ದು. ನಾದಿನಿ ಎದ್ದು ಅಡುಗೆಮನೆಗೆ ಹೋದಳು.

ನಾನು ಪಡಸಾಲೆಗೆ ಹೋಗಿ ಮಾವನವರ ಮುಂದೆ ಕೂತೆ. ರೋಗಿಗಳು ಕೂರುವ ಜಾಗದಲ್ಲೇ ಕೂತೆ. ಅವರು ಕನ್ನಡಕ ಏರಿಸಿ, ಏನಾಗೇತಿ ಎಂದರು, ಅದೇ ದನಿಯಲ್ಲಿ.

"ನಾ ಗೋಡಂಬಿ ಅಂತನ ಅಂದಿದ್ದೆರೀ" ಎಂದೆ.

ಬಾಜೂ ಮನೆಯ ಮಗ್ಗ ಒಂದು ದಾರ ಹರಿದು ನಿಂತಿತು, ಮತ್ತೆ ಶುರುವಾಯಿತು. ಆಯಿ ಎರಡು ಸಲ ಕೇಳಿದಳು ಎಂಬುದನ್ನೂ, ವೈದ್ಯರೇ ಹೇಳಿದ್ದಾರೆ ಎಂದು ನಾನು ಅಂದದ್ದನ್ನೂ, ಅವಳು ಬಂದ ದಿನ ಮರಾಠಿ ತಿಳಿಯುವುದಿಲ್ಲ ಎಂದದ್ದನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಗೋಡಂಬಿ ಅಂತ ನಿನ್ನ ಕಿವಿಯಾಗ ಹಾಕಿದಾವ ನಾನ" ಎಂದರು ಕಡೆಗೆ. "ಎರಡೂ ಭಾಷಾ ಬಲ್ಲಾವ ನಾನು. ಒಂದ ಮಾತು ಎಚ್ಚರಿಕಿ ಕೊಡಬೇಕಿತ್ತು, ಕೊಡಲಿಲ್ಲ. ಅದು ಇರಲಿ. ಇದನ್ನ ನನ್ನ ಮುಂದ ಹೇಳಿದ್ರ ಏನ್ ಬಂತವ್ವಾ? ಎಲ್ಲಿ ಹೇಳಬೇಕೋ ಅಲ್ಲಿ ಹೇಳು, ನಡಿ."

ಮರುದಿನ ಮುಂಜಾನೆಯ ಬಸ್ಸಿಗೆ ಎಲ್ಲರೂ ಹೊರಟೆವು. ಮಾವನವರು, ಅಳಿಯಂದಿರು, ನಾದಿನಿ, ಅವಳ ಮಡಿಲಲ್ಲಿ ಕೂಸು, ನಾನು. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ನಾದಿನಿಗೆ ನಾನು ಬಸ್ಸಿನಲ್ಲೇ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಖಾನಾಪುರ ಬರುವವರೆಗೆ ತಿರುಗಲಿಲ್ಲ. ಇಳಿಯುವಾಗ ಮಾತ್ರ ಕೂಸನ್ನು ನನ್ನ ಕೈಗೆ ಕೊಟ್ಟಳು, ಚೀಲ ಹಿಡಿದುಕೊಳ್ಳಬೇಕಿತ್ತು.

ಆಯಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಡುಗೆ ದೊಡ್ಡ ಸೊಸೆ ಮಾಡುತ್ತಿದ್ದಳು. ಆ ಬೇಸಿಗೆಯಿಂದ ಆಯಿ ಒಲೆಯ ಮುಂದೆ ಕೂತಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ನಿಂತೇ ಹೇಳಿದೆ, ಮರಾಠಿಯಲ್ಲಿಯೇ ಹೇಳಿದೆ. ಮೂರು ತಿಂಗಳಿಂದ ಆಡದ ಮರಾಠಿ, ಲಿಂಗ ವಚನ ಎಲ್ಲ ತಪ್ಪಿತು. ನಡುವೆ ಒಂದು ಕಡೆ ಶಬ್ದವೇ ಸಿಗಲಿಲ್ಲ. ಸುಳ್ಳು ಎಂಬುದಕ್ಕೆ ಅವರಲ್ಲಿ ಏನೆನ್ನುತ್ತಾರೆ ಎಂದು ಹೊಳೆಯಲಿಲ್ಲ. ಆಯಿಯೇ ಅದನ್ನು ಮೆಲ್ಲಗೆ ಎತ್ತಿಕೊಟ್ಟಳು. "ಖೋಟಂ" ಅಂದಳು, ಮಕ್ಕಳಿಗೆ ಪಾಠ ಹೇಳಿಕೊಟ್ಟ ಹಾಗೆ. ನಾನು ಆ ಶಬ್ದವನ್ನೂ ಹೇಳಿ ಮುಗಿಸಿದೆ.

ನನಗೆ ಗೊತ್ತಿತ್ತು ಎಂದಳು ಆಯಿ. ನಮ್ಮ ಮನೆಗೆ ಬಂದಾಗ ಯಾಕೆ ಗಟ್ಟಿಯಾಗಿ ಹೇಳಲಿಲ್ಲ ಎಂದು ಮಾವನವರು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

"ಸೊಸಿ ಅಲ್ಲೇನ್ರೀ ಅಕಿನೂ. ಹೆದರಿತ್ತು ಹುಡುಗಿ."

ಮಾವನವರು ಕೈ ಜೋಡಿಸಿದರು. ಅವಳು ಬೇಡ ಬೇಡ ಎಂದು ಎದ್ದು ನಿಂತಳು. ನಾನು ಕೂಸನ್ನು ಮುಂದೆ ಚಾಚಿದೆ. ತೆಗೆದುಕೊಳ್ಳುತ್ತಾಳೆಂದು ತಿಳಿದಿದ್ದೆ. ಎಲ್ಲರೂ ಹಾಗೇ ತಿಳಿದಿದ್ದೆವು. ಆಯಿ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಳು. ನೀ ಹೇಳಿದಿ, ಖರೇ, ಎಂದಳು, ಮತ್ತೆ ಮರಾಠಿಯಲ್ಲಿ. ನಾ ಎರಡು ಸಲ ಕೇಳಿದೆ, ಅದೂ ಖರೇ. ಮೂರನೇ ಸಲ ಕೇಳಿದ್ದರೆ ಏನಾಗುತ್ತಿತ್ತು. ಗೋಡಂಬಿ ಹಾಕುವಾಗ ಈ ಕೈಗೆ ಅನುಮಾನ ಬಂದಿತ್ತು, ಆದರೂ ಹಾಕಿತು. ಕೂಸಿನ ಪಾದಕ್ಕೆ ಬಗ್ಗಿ ಹಣೆ ಹಚ್ಚಿದಳು. ಕೈ ಹೊರಗೆ ಬರಲಿಲ್ಲ.

ಹಿಂಡಲಗಾದ ಮನೆ ಬೇಡವೆಂದಾಯಿತು. ನಾದಿನಿ, ಕೂಸು ಅಲ್ಲೇ ಉಳಿದರು. ನಾನು, ಮಾವನವರು ಸಂಜೆಯ ಬಸ್ಸಿಗೆ ಮರಳಿದೆವು. ಮಾವನವರು ಮತ್ತೆ ಬಿಬ್ಬಾ ತರಿಸಿದರು, ಎರಡು ಹಂಗಾಮು ಮಾಡಿದರು, ಆಮೇಲೆ ಕಣ್ಣು ಮಂದವಾಗಿ ಬಿಟ್ಟರು. ನಾದಿನಿ ನನ್ನ ಜೊತೆ ಮೊದಲಿನ ಹಾಗೆ ನಗಾಡಲು ಒಂದೂವರೆ ವರ್ಷ ಹಿಡಿಯಿತು.

ಆಯಿ ಆಮೇಲೆ ಆರು ವರ್ಷ ಬದುಕಿದಳು. ಮೊಮ್ಮಗಳು ಅವಳ ಬೆನ್ನು ಬಿಡುತ್ತಿರಲಿಲ್ಲ. ತಲೆ ಬಾಚುವುದು, ಕತೆ ಹೇಳುವುದು, ಸಾಲೆಗೆ ಬಿಡುವುದು ಎಲ್ಲ ಅವಳದೇ. ಎತ್ತಿಕೊಳ್ಳಲೂ ಆಮೇಲೆ ಕಲಿತಳು. ತುತ್ತು ಮಾತ್ರ ಎಂದೂ ಬಾಯಿಗಿಡಲಿಲ್ಲ. ಒಂದು ಶೇಂಗಾಕಾಳು ಕೂಡ ಕೈಯಿಂದ ಕೊಡುತ್ತಿರಲಿಲ್ಲ, ತಟ್ಟೆಯಲ್ಲಿಟ್ಟು ದೂಡುತ್ತಿದ್ದಳು. ಕೊನೆಯ ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು. ನಾನು ಹೋದ ದಿನ ಮಾತು ನಿಂತಿತ್ತು. ಮಧ್ಯಾಹ್ನ ಉಸಿರು ಏರತೊಡಗಿದಾಗ ದೊಡ್ಡ ಮಗ ಬಾಯಿಗೆ ನೀರು ಬಿಡಿ ಎಂದರು. ಎಲ್ಲರೂ ಅಳುತ್ತಿದ್ದರು. ಮೊಮ್ಮಗಳೇ ಚಮಚೆ ತೆಗೆದುಕೊಂಡು ಬಂದಳು. ಮೊದಲನೆಯ ಚಮಚೆ ಆಯಿ ನುಂಗಿದಳು. ಎರಡನೆಯದು ಬಾಯಿಯ ಮೂಲೆಯಿಂದ ಹರಿದು ದಿಂಬಿಗೆ ಇಳಿಯಿತು. ಹುಡುಗಿ ತನ್ನ ಲಂಗದಿಂದ ಅದನ್ನು ಒರೆಸಿದಳು.